ಮೈ ಬಿಟ್ಟು ತಿರುಗಿದವಳ ಪುಸ್ತಕ

"ಅಪ್ಪಾ, ನಿನ್ನೆ ನಾನು ನಿನ್ನ ಅಂಗಡಿಗೆ ಬಂದಿದ್ದೆ," ಎಂದಳು ಮಗಳು.

ಪುಸ್ತಕಕ್ಕೆ ಕಾಗದ ಸುತ್ತುತ್ತಿದ್ದ ಹಳೇ ಪುಸ್ತಕದ ವ್ಯಾಪಾರಿಯ ಕೈ ಅಲ್ಲೇ ನಿಂತಿತು. ತಾನು ಮೈಯಿಂದ ಹೊರಬಂದು ಗಾಳಿಯಂತೆ ಊರೂರು ತಿರುಗಿದೆನೆಂದು ಯಾವಳೋ ಬರೆದಿಟ್ಟ ಆತ್ಮಕಥೆ ಅದು. ಈಗ ಹುಡುಕಿದರೂ ಸಿಗದು. ಕೊಳ್ಳುವವರು ಮನೆ ಬಾಗಿಲಲ್ಲೇ ಕಾಯುತ್ತಿದ್ದರು. ಸೈಕಲ್ಲಿಂದ ಬಿದ್ದು ಹಾಸಿಗೆ ಹಿಡಿದ ಮಗಳು ವಾರವಿಡೀ ಅದನ್ನೇ ಓದಿದ್ದಳು.

"ಕನಸು ಕಂಡಿರ್ತೀಯ, ಪುಟ್ಟಿ."

"ಇರಬಹುದು. ಹತ್ತಿಯ ಹಾಗೆ ಹಗುರಾಗಿ ಕಪಾಟಿನ ಮೇಲೆ ಕೂತಿದ್ದೆ. ನೀನು ನಿಘಂಟುಗಳ ಹಿಂದೆ ನಿಂತು ಧೂಳೊರೆಸೋ ಬಟ್ಟೇಲೇ ಕಣ್ಣೊರೆಸ್ಕೊಳ್ತಿದ್ದೆ. ಕಣ್ಣು ಉರಿಯಲ್ವೇನಪ್ಪಾ?"

ಅವನು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಹೊರಗಿನಿಂದ ಗಿರಾಕಿ ಕೂಗಿದರು. ಅವನು ಸುತ್ತಿದ ಕಾಗದ ಬಿಚ್ಚಿ, ಪುಸ್ತಕವನ್ನು ಮಗಳ ದಿಂಬಿನ ಪಕ್ಕ ಇಟ್ಟ.

"ಇನ್ನೊಂದ್ಸಲ ಬಂದಾಗ ಸುಮ್ನೆ ಹೋಗ್ಬೇಡ ಕಣೇ," ಎಂದ. "ನನ್ನನ್ನ ಮಾತಾಡಿಸು."