ಎರಡು ಬೀದಿಯಷ್ಟೇ ಓಡಿದ ಗಾಡಿ

“ನಿನ್ನೆ ನೀನೇ ಬಿಚ್ಚಿ ಜೋಡಿಸಿದ ಗಾಡಿ ಕಣೋ, ನಿನ್ನ ಮಾತಾದ್ರೂ ಕೇಳತ್ತಾ ನೋಡು,” ಎಂದ ಟ್ಯಾಕ್ಸಿ ಓಡಿಸುವ ಅಣ್ಣ, ಮತ್ತೆ ಕೀಲಿ ತಿರುಗಿಸುತ್ತ. ಕೊರೆಯುವ ಚಳಿಯ ಬೆಳಗು. ಎಂಜಿನ್ ಬರೀ ಕೆಮ್ಮಿತು. ಹಿಂದಿನ ಸೀಟಿನಲ್ಲಿ ಅತ್ತಿಗೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಅಮ್ಮ ಎದೆ ಹಿಡಿದುಕೊಂಡೇ, “ನನಗಿಂತ ಇದಕ್ಕೇ ಮೊದಲು ಡಾಕ್ಟರು ಬೇಕು,” ಎಂದು ಗೊಣಗಿದಳು.

ಮೆಕ್ಯಾನಿಕ್ ತಮ್ಮ ಬಾನೆಟ್ ಎತ್ತಿದ. “ಏನು ತುಂಬಿಸಿದ್ದೆ?”

“ಎಥೆನಾಲ್. ಎರಡರಲ್ಲೂ ಓಡೋ ಗಾಡಿ ತಾನೇ, ಪೆಟ್ರೋಲಿಗಿಂತ ಅಗ್ಗ ಅಂತ ಫುಲ್ ಟ್ಯಾಂಕ್.”

“ತುಂಬಿಸಿದ ಮೇಲೆ ಎಷ್ಟು ದೂರ ಓಡಿಸಿದೆ?”

“ಎಲ್ಲಿ ಓಡಿಸೋದು? ಪಂಪಿಂದ ಮನೆಗೆ ಎರಡು ಬೀದಿ.”

ತಮ್ಮನ ಕೈ ನಿಂತಿತು. ರಿಪೇರಿಗೆಂದು ಬ್ಯಾಟರಿ ಕಳಚಿದಾಗ ಗಾಡಿಯ ಕಂಪ್ಯೂಟರು ಕಲಿತದ್ದನ್ನೆಲ್ಲ ಮರೆತಿತ್ತು. ಟ್ಯಾಂಕಿನಲ್ಲಿರುವುದು ಪೆಟ್ರೋಲೇ ಎಂದುಕೊಂಡು ಇಂಧನವನ್ನು ಅಳೆದು ಅಳೆದು ಬಿಡುತ್ತಿತ್ತು. ಚಳಿಯಲ್ಲಿ ಸುಲಭಕ್ಕೆ ಆವಿಯಾಗದ ಎಥೆನಾಲಿಗೆ ಅಷ್ಟು ಸಾಲದು.

“ಬೇರೆ ಇಂಧನ ತುಂಬಿಸಿದ್ರೆ ಹತ್ತು ಕಿಲೋಮೀಟರ್ ಓಡಿಸು, ಅದು ಕಲಿತುಕೊಳ್ಳತ್ತೆ ಅಂತ ಹೇಳ್ಬೇಕಿತ್ತಣ್ಣ. ಮರೆತೆ.”

“ಆಮೇಲೆ ಬೈತೀನಿ. ಮೊದಲು ಸ್ಟಾರ್ಟ್ ಮಾಡು.”

ತಮ್ಮ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ ಬಿಚ್ಚಿ, ಬಾಟಲಿಯಿಂದ ಒಂದು ಗುಟುಕು ಪೆಟ್ರೋಲ್ ಒಳಗೆ ಸುರಿದ. ಎಂಜಿನ್ ಒಮ್ಮೆ ಅದುರಿ, ಸ್ಟಾರ್ಟ್ ಆಯಿತು. ಅಣ್ಣ ಗೇರಿಗೆ ಕೈ ಹಾಕುವಷ್ಟರಲ್ಲಿ, ಅಮ್ಮನ ಮೂಗಿನ ಬಳಿ ಹಿಡಿದಿದ್ದ ಬೆರಳನ್ನು ತೆಗೆದ ಅತ್ತಿಗೆ ಮುಂದಕ್ಕೆ ಬಾಗಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು.