ಮೂರನೇ ಗ್ಲಾಸು

ಮೂರನೇ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದ ಮನೋಹರನಿಗೆ ನೀರಿನ ಲೋಟ ಮೂಸಿದ ಹಾಗಾಯಿತು. ಮೊದಲಿನ ಎರಡಕ್ಕೂ ಹಾಗೇ ಆಗಿತ್ತು. ಆದರೂ ಕಣ್ಣು ಮುಚ್ಚಿ, ಗ್ಲಾಸನ್ನು ಎರಡು ಸುತ್ತು ತಿರುಗಿಸಿ, ಏನೋ ನೆನಪಾದವನ ಹಾಗೆ ತಲೆಯಾಡಿಸಿದ. ಹನ್ನೆರಡು ವರ್ಷದಿಂದ ಮಾಡಿದ ಕೆಲಸ. ಮೂಗು ಕೈಕೊಟ್ಟರೂ ಮುಖಕ್ಕೆ ಅಭ್ಯಾಸ ತಪ್ಪಿರಲಿಲ್ಲ.

ಮೂರು ವಾರದ ಹಿಂದೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾಯುತ್ತ ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿ ಸೌಮ್ಯಳಿಗೂ. ಹೇಳುವುದಾದರೂ ಹೇಗೆ? ಚನ್ನಪಟ್ಟಣದ ರಸ್ತೆಯಲ್ಲಿ ಗೆಳೆಯ ಅಶ್ವಥ್ ನಡೆಸುವ ಸಣ್ಣ ವೈನ್ ಫ್ಯಾಕ್ಟರಿಯಲ್ಲಿ ಯಾವ ಟ್ಯಾಂಕಿನದು ಬಾಟಲಿಗೆ, ಯಾವುದು ಚರಂಡಿಗೆ ಎಂದು ತೀರ್ಮಾನಿಸುವುದು ಇವನ ಮೂಗೇ. ಮೂಗಿಲ್ಲದವನಿಗೆ ಅಲ್ಲೇನು ಕೆಲಸ? ಇವತ್ತು ಅಶ್ವಥ್ ಗಂಡ ಹೆಂಡತಿ ಇಬ್ಬರನ್ನೂ ಮನೆಗೆ ರಾತ್ರಿ ಊಟಕ್ಕೆ ಕರೆದು, ಐದು ಟ್ಯಾಂಕಿನ ಐದು ವೈನನ್ನು ಸಾಲಾಗಿ ಮೇಜಿನ ಮೇಲಿಟ್ಟು, “ಮುದ್ದೆ ಮುರಿಯೋಕ್ ಮುಂಚೆ ಒಂದೊಂದು ಗುಟುಕು ನೋಡಿ ಹೇಳ್ಬುಡು” ಎಂದಿದ್ದ. ಅಡುಗೆಮನೆಯಿಂದ ನಾಟಿ ಕೋಳಿ ಸಾರಿನ ಘಮ ಬಂದದ್ದು ಕೂಡ ಎಲ್ಲರೂ ಅತ್ತ ತಿರುಗಿದಾಗಲೇ ಮನೋಹರನಿಗೆ ಗೊತ್ತಾಗಿದ್ದು. ಕೂತಲ್ಲಿ ಕೂರಲಾರದೆ ಅವನು ಆಗಲೇ ನಾಲ್ಕು ಸಲ ಕುರ್ಚಿ ಸರಿಸಿದ್ದ.

“ನಂಗ್ಯಾಕೋ ಇದು ಒದ್ದೆ ಗೋಣಿಚೀಲ ಇದ್ದಂಗೈತೆ ಕಣ್ಲಾ,” ಎಂದ ನರೇಂದ್ರ, ಮೂರನೇ ಗ್ಲಾಸನ್ನು ಕೆಳಗಿಟ್ಟು. ಅವನು ಇಬ್ಬರ ಜೊತೆಗೂ ಹೈಸ್ಕೂಲು ಓದಿದವನು. ಕನಕಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ.

ಮನೋಹರ ಇನ್ನೊಂದು ಗುಟುಕು ಕುಡಿದ. ನಾಲಿಗೆಗೆ ಹುಳಿ ಸರಿಯಾಗಿತ್ತು, ಬಣ್ಣ ಚೆನ್ನಾಗಿತ್ತು. ಇನ್ನು ಹಿಂದೆ ಸರಿದರೆ ಕೆಟ್ಟೆ ಎನ್ನಿಸಿ ನಕ್ಕುಬಿಟ್ಟ. “ದಿನವೆಲ್ಲಾ ಗೊಬ್ಬರದ ಮೂಟೆ ನಡುವೆ ಕೂರೋನಿಗೆ ಇನ್ನೇನ್ ವಾಸನೆ ಬಂದಾತು? ನಿನ್ ಮೂಗ ಒಸಿ ರಿಪೇರಿ ಮಾಡಿಸ್ಕಳ್ಲಾ. ಇದ್ರಲ್ಲಿ ನೇರಳೆ ಹಣ್ಣೈತೆ, ಹಿಂದ್ಗಡೆ ಒಸಿ ಏಲಕ್ಕಿ ಐತೆ.”

ಅಶ್ವಥ್ ತೊಡೆ ತಟ್ಟಿಕೊಂಡು ನಕ್ಕ. “ಹಂಗಾದ್ರೆ ನಾಳೆ ಬೆಳಿಗ್ಗೆನೇ ತುಂಬ್ಸಿಬುಡಾನಾ?”

“ತುಂಬ್ಸು.”

ಅಷ್ಟು ಹೊತ್ತು ಮಜ್ಜಿಗೆ ಹಿಡಿದು ಕೂತಿದ್ದ ಸೌಮ್ಯ, ಗಂಡನ ಗ್ಲಾಸನ್ನು ತನ್ನತ್ತ ಎಳೆದು ಒಮ್ಮೆ ಮೂಸಿ ವಾಪಸ್ ಇಟ್ಟಳು. “ರೀ, ಇನ್ನೊಂದ್ಸಲ ನೋಡಿ.”

“ವೈನ್ ವಿಷ್ಯ ನಿಂಗೇನ್ ಗೊತ್ತಾಯ್ತದೆ?” ಎಂದ ಅವನು. ಮಾತು ಬೇಕಾದ್ದಕ್ಕಿಂತ ಒರಟಾಗಿ ಬಂತು.

ಅವಳು ಮಜ್ಜಿಗೆ ಲೋಟ ಕೆಳಗಿಟ್ಟಳು. ಎದ್ದು ಹಿತ್ತಲ ಕಡೆಯ ನಲ್ಲಿಯ ಹತ್ತಿರ ಹೋಗಿ, “ಒಸಿ ಬನ್ನಿ ಇಲ್ಲಿ,” ಎಂದು ಕರೆದಳು. ಇವನು ಹೋದಮೇಲೆ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಕೇಳಿದಳು: “ಮಧ್ಯಾಹ್ನ ಮನೇಲಿ ಸಾರು ಹೆಂಗಿತ್ತು?”

“ಈಗ್ಯಾಕೆ ಅದು? ಚೆನ್ನಾಗಿತ್ತು. ಘಮ್ ಅಂತಿತ್ತು.”

“ಎಂಟು ದಿನ ಆಯ್ತು, ನಾನು ಸಾರಿಗೆ ಒಗ್ಗರಣೆನೇ ಹಾಕಿಲ್ಲ. ಇಂಗಿಲ್ಲ, ಬೆಳ್ಳುಳ್ಳಿ ಇಲ್ಲ. ನೀವು ದಿನಾ ಘಮ್ ಅಂತೀರ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ನಾನೂ ಕಾದೆ.” ಅವಳ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. “ಆ ಮೂರನೇದು ಕೆಟ್ಟೈತೆ. ನಮ್ಮಪ್ಪನ ಮನೇಲಿ ರೇಷ್ಮೆ ಹುಳಕ್ಕೆ ಸಪ್ಪೆ ರೋಗ ಬಂದ್ರೆ ತಟ್ಟೆಯಿಂದ ಇಂಥದೇ ಕಮಟು ಬರ್ತಿತ್ತು.”

ಮರಳವಾಡಿಯ ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದವಳು ಅವಳು. ಹುಳು ಮನೆಯ ಬಾಗಿಲು ತೆಗೆಯುತ್ತಲೇ ಯಾವ ತಟ್ಟೆಗೆ ರೋಗ ಹೊಕ್ಕಿದೆಯೆಂದು ಹೇಳುತ್ತಿದ್ದಳಂತೆ. ಮದುವೆಯ ಹೊಸದರಲ್ಲಿ ಮಾವ ಇದನ್ನು ಹೆಮ್ಮೆಯಿಂದ ಹೇಳಿಕೊಂಡಾಗ ಮನೋಹರ ಅರ್ಧ ಕಿವಿಯಲ್ಲಿ ಕೇಳಿದ್ದ. ಈಗ ಅವಳ ಮುಖ ನೋಡಲಾಗದೆ, ಒದ್ದೆಯಾಗದ ಕೈಯನ್ನೇ ಟವೆಲಿಗೆ ಒರೆಸಿಕೊಂಡ.

ಒಳಗೆ ಅಶ್ವಥ್ ಫೋನಿನಲ್ಲಿ, “ಮೂರನೇ ಟ್ಯಾಂಕು, ಬೆಳಿಗ್ಗೆ ಎಂಟಕ್ಕೆ,” ಎನ್ನುತ್ತಿದ್ದ.

“ಫೋನ್ ಇಡ್ಲಾ ಅಶ್ವಥ,” ಎಂದ ಮನೋಹರ. ಹೆಂಡತಿಯ ಜೊತೆ ಒಳಗೆ ಬಂದು ಕುರ್ಚಿಯಲ್ಲಿ ಕೂತ. “ಅದನ್ನ ತುಂಬ್ಸಬ್ಯಾಡ. ನರೇಂದ್ರ ಹೇಳಿದ್ದೇ ಸರಿ. ಮೂರು ವಾರದಿಂದ ನಂಗೆ ಯಾವ ವಾಸನೆನೂ ಗೊತ್ತಾಯ್ತಿಲ್ಲ. ಕೋಳಿ ಸಾರಿಂದೂ ಗೊತ್ತಾಯ್ತಿಲ್ಲ.”

ಅಶ್ವಥ್ ಫೋನನ್ನು ಮೇಜಿನ ಮೇಲಿಟ್ಟ. ಬಯ್ಯುತ್ತಾನೆ ಎಂದುಕೊಂಡಿದ್ದ ಮನೋಹರನಿಗೆ ಅದೂ ಸಿಗಲಿಲ್ಲ. ಅಶ್ವಥ್ ಎದ್ದು ಹೋಗಿ, ಬೀರುವಿನಿಂದ ಲೇಬಲ್ ಅಂಟಿಸಿದ ಹೊಸ ಬಾಟಲಿಯೊಂದನ್ನು ತಂದ.

“ಇದು ಹೋದ ವಾರ ನೀನು ಪಾಸ್ ಮಾಡಿದ್ದು,” ಎಂದ. “ಇದನ್ನ ತುಂಬ್ಕಂಡು ಲಾರಿ ಹೋಗಿ ನಾಲ್ಕು ದಿನ ಆಯ್ತು.”

ಬಿರಡೆ ತೆಗೆದು ಒಂದು ಗ್ಲಾಸಿಗೆ ಎರಡು ಬೆರಳಿನಷ್ಟು ಸುರಿದ. ಮನೋಹರ ಅಭ್ಯಾಸದಿಂದ ಕೈ ಚಾಚಿದ. ಗ್ಲಾಸು ಅವನ ಕೈ ದಾಟಿ ಸೌಮ್ಯಳ ಮುಂದೆ ಹೋಗಿ ನಿಂತಿತು.

“ಒಸಿ ನೋಡಿ ಅತ್ತಿಗೆ.”

ಅವಳು ಸೆರಗನ್ನು ಹಿಂದೆ ಸರಿಸಿ ಗ್ಲಾಸಿನ ಮೇಲೆ ಬಾಗಿದಳು. ಮನೋಹರ ಹೆಂಡತಿಯ ಮೂಗಿನ ಹೊಳ್ಳೆಗಳನ್ನೇ ನೋಡುತ್ತ ಕೂತ.