ಮೇ ತಿಂಗಳಲ್ಲಿ ಮುಚ್ಚಿದ ಕಿಟಕಿ

ಮೂರನೆಯ ಕಿಟಕಿಯ ಗಾಜಿನಿಂದ ಸುಣ್ಣದ ಹನಿಗಳನ್ನು ಬ್ಲೇಡಿನಲ್ಲಿ ಕೆರೆಯುತ್ತಿದ್ದ ಸಿರ್ಗಾಳ ಕೈ ತಟಕ್ಕನೆ ನಿಂತಿತು. ಈ ಕಿಟಕಿಯ ಚೌಕಟ್ಟಿಗೂ ನಾಲ್ಕು ಮೂಲೆಯಲ್ಲಿ ಸ್ಕ್ರೂ ಬಿಗಿದಿದ್ದರು. ಇಸಿಕ್-ಕುಲ್ ಸರೋವರದ ಈ ದಂಡೆಯಲ್ಲಿ ಚಳಿಗಾಲಕ್ಕೆ ಕಿಟಕಿ ಮುಚ್ಚುವುದು ಎಲ್ಲರೂ ಮಾಡುವ ಕೆಲಸ. ಆದರೆ ಇದು ಮೇ ತಿಂಗಳು. ಹೊರಗೆ ಏಪ್ರಿಕಾಟ್ ಮರ ಮೈತುಂಬ ಹೂ ಬಿಟ್ಟು ನಿಂತಿತ್ತು.

"ಈ ಕಿಟಕಿ ತೆರೆಯಲ್ವಾ, ಅಜ್ಜಿ?"

"ಇಲ್ಲಿ ಗಾಳಿ ಜಾಸ್ತಿ ಕಣೇ," ಅಂದಳು ಮನೆಯೊಡತಿ ಊಲ್ಕನ್ ಅಜ್ಜಿ ಅಡುಗೆಮನೆಯಿಂದಲೇ.

ಗಾಳಿಗೆ ಹೆದರಿ ಸ್ಕ್ರೂ ಬಿಗಿದವರು ಒಳಕೋಣೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹಾಕಿಸಿದ್ದು ಯಾಕೆ ಎಂದು ಸಿರ್ಗಾ ಕೇಳಲಿಲ್ಲ. ಚಿಲಕಕ್ಕೆ ಮೆತ್ತಿದ್ದ ಬಣ್ಣವನ್ನು ಕೆರೆದು, ಒರೆಸಿ, ಎರಡು ಸಲ ಎಳೆದು ನೋಡಿದಳು. ಸಲೀಸಾಗಿ ಕೂತಿತು.

ಮನೆ ಹೊಚ್ಚಹೊಸದು. ಅಜ್ಜಿಯ ಮಗ ಎರ್ಮೆಕ್ ಆರು ವರ್ಷ ರಷ್ಯಾದಲ್ಲಿ ಇಟ್ಟಿಗೆ ಹೊತ್ತು ಕಟ್ಟಿಸಿದ್ದು. ಒಕ್ಕಲು ಬರುವ ಮುಂಚೆ ಒಮ್ಮೆ ತೊಳೆದುಕೊಡಬೇಕಿತ್ತು. ಊರಿನಲ್ಲಿ ಇಂಥ ಕೆಲಸಕ್ಕೆ ಮೂವರು ಹೆಂಗಸರು ಬಿಡುವಾಗಿದ್ದರೂ, "ಆಸ್ಪತ್ರೆ ನೆಲ ಒರೆಸ್ತಾಳಲ್ಲ, ಆ ಸಣ್ಣ ಹುಡುಗಿ ಒಬ್ಬಳನ್ನೇ ಕಳಿಸಿ" ಎಂದು ಅಜ್ಜಿ ಹೇಳಿಕಳಿಸಿದ್ದಳು. ಸಿರ್ಗಾ ಅದನ್ನು ತನ್ನ ಕೆಲಸಕ್ಕೆ ಸಿಕ್ಕ ಮರ್ಯಾದೆ ಎಂದುಕೊಂಡಿದ್ದಳು.

ಸಂಜೆ ಐದಕ್ಕೆ ಕರಕೋಲ್ ಪಟ್ಟಣಕ್ಕೆ ಹೋಗುವ ಕೊನೆಯ ವ್ಯಾನು. ನಾಳೆ ಬೆಳಿಗ್ಗೆ ಅಲ್ಲಿ ನರ್ಸಿಂಗಿನ ಕೊನೆಯ ಪರೀಕ್ಷೆ. ವ್ಯಾನು ತಪ್ಪಿದರೆ ಪರೀಕ್ಷೆ ತಪ್ಪಿತು. ಪರೀಕ್ಷೆ ತಪ್ಪಿದರೆ ಮೂರು ವರ್ಷ ಕಂಡವರ ನೆಲ ಒರೆಸಿ ಓದಿದ್ದೆಲ್ಲ ಇದೇ ಬಕೆಟ್ಟಿನ ನೀರಿಗೆ.

ಅಡುಗೆಮನೆಯಲ್ಲಿ ಅಜ್ಜಿ ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಡುತ್ತಿದ್ದಳು. ಆಗಲೇ ಇಡೀ ಬೀದಿಗೆ ಹಂಚುವಷ್ಟು ಕರಿದಾಗಿತ್ತು.

"ಮದುವೆಯಾ ಅಜ್ಜಿ?"

"ಹೂಂ. ಎರ್ಮೆಕ್‌ಗೆ ಮೂವತ್ತೆರಡಾಯ್ತು. ಇನ್ನೂ ಕಾದ್ರೆ ಮೊಮ್ಮಗೂಗೆ ಹಲ್ಲು ಬರೋ ಹೊತ್ತಿಗೆ ನಂದೆಲ್ಲ ಉದುರಿರುತ್ತೆ."

"ಹುಡುಗಿ ಒಪ್ಪಿದಾಳಾ?"

"ಬಂದ್ಮೇಲೆ ಒಪ್ತಾಳೆ. ನಾನೂ ಹಾಗೇ ಒಪ್ಪಿದ್ದು. ಮೂರು ದಿನ ಅಳ್ತಾ ಕೂತಿದ್ದೆ. ನಾಲ್ಕನೇ ದಿನ ಹಸು ಕೂಗ್ತು, ಎದ್ದು ಹಾಲು ಕರೆದೆ. ಅಷ್ಟೇ."

ಸಿರ್ಗಾಳಿಗೆ ಎಲ್ಲ ಅರ್ಥವಾಯಿತು. ಇದು ಎತ್ತಿಕೊಂಡು ಬಂದು ಮಾಡುವ ಮದುವೆ. ಹುಡುಗಿ ಒಂದು ರಾತ್ರಿ ಈ ಮನೆಯೊಳಗೆ ಕಳೆದರೆ ಸಾಕು, ತವರಿನವರೇ ವಾಪಸು ಕರೆಯಲು ನಾಚುತ್ತಾರೆ. ಕಾನೂನಿನಲ್ಲಿ ಅದು ಅಪರಾಧ. ಊರಿನಲ್ಲಿ ಅದು ಊಟ.

ಜೇಬಿನಲ್ಲಿ ಫೋನಿತ್ತು. ಪೊಲೀಸರಿಗೆ ಹೇಳಬಹುದಿತ್ತು. ಬಂದರೆ ಅವರು ಹೇಳಿಕೆ ಬರೆಸಿಕೊಳ್ಳುತ್ತಾರೆ, ಸಹಿ ಹಾಕು ಅನ್ನುತ್ತಾರೆ, ಚಹಾ ಕುಡಿಯುತ್ತಾರೆ. ಅಷ್ಟರಲ್ಲಿ ವ್ಯಾನು ಹೋಗಿರುತ್ತದೆ. ಎಲ್ಲೋ ಯಾರದೋ ಮಗಳು ಈ ಹೊತ್ತಿನಲ್ಲಿ ಏನೂ ಗೊತ್ತಿಲ್ಲದೆ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತಾಳೆ. ಪಾಪ. ಆದರೆ ಅವಳಿಗೂ ಅಪ್ಪ ಅಣ್ಣ ಅಂತ ಇರುತ್ತಾರಲ್ಲ, ನೋಡಿಕೊಳ್ಳಲಿ.

"ನಿನಗೆ ಅಣ್ಣಂದಿರು ಇದಾರೇನೇ?" ಎಂದು ಅಜ್ಜಿ ಅಷ್ಟರಲ್ಲೇ ಕೇಳಿದಳು.

"ಇಲ್ಲ ಅಜ್ಜಿ. ಅಪ್ಪನೂ ಇಲ್ಲ."

"ಅಯ್ಯೋ ಪಾಪ," ಎಂದು ಅಜ್ಜಿ ಬಿಸಿಬಿಸಿ ತುಂಡೊಂದನ್ನು ಅವಳ ಬಾಯಿಗೇ ಇಟ್ಟಳು. "ಆ ಫೋನು ಕೊಡಿಲ್ಲಿ, ಬಕೆಟ್ಟಿಗೆ ಬಿದ್ದೀತು. ಈ ರಬ್ಬರ್ ಗ್ಲೌಸು ಹಾಕ್ಕೋ. ಸೋಡಾ ತಾಗಿ ಕೈಯೆಲ್ಲ ಒರಟಾಗುತ್ತೆ."

ಸಿರ್ಗಾ ಫೋನು ಕೊಟ್ಟು ಗ್ಲೌಸು ಹಾಕಿಕೊಂಡಳು. ಮೂರು ವರ್ಷದಲ್ಲಿ ಅವಳ ಕೈಯ ಬಗ್ಗೆ ಯಾರೂ ಚಿಂತೆ ಮಾಡಿರಲಿಲ್ಲ. ಇಂಥ ಮುದುಕಿಯ ಮನೆಗೆ ಪೊಲೀಸರನ್ನು ಕರೆಯಲು ಹೊರಟಿದ್ದೆನಲ್ಲ ಎಂದು ಅವಳಿಗೆ ತುಸು ನಾಚಿಕೆಯೇ ಆಯಿತು.

ಎರ್ಮೆಕ್ ಒಂದು ಹಲಗೆ ಹಿಡಿದುಕೊಂಡು ಒಳಗೆ ಬಂದ. ಒಲೆಯ ಮೇಲಿನ ಗೋಡೆಗೆ ಅದನ್ನು ಒತ್ತಿಹಿಡಿದು, ನೆಲ ನೋಡುತ್ತ, "ಕೈ ಎಟಕುತ್ತಾ?" ಅಂದ.

ಸಿರ್ಗಾ ಕೈ ಚಾಚಿದಳು. "ಇನ್ನೂ ನಾಲ್ಕು ಬೆರಳು ಕೆಳಗೆ. ನಿಮ್ಮ ಹುಡುಗಿ ನನ್ನಷ್ಟೇ ಎತ್ತರಾನಾ?"

"ಹೂಂ," ಎಂದು ಅವನು ಕಿವಿಯವರೆಗೆ ಕೆಂಪಾಗಿ ಮೊಳೆ ಹೊಡೆದ.

ನಾಲ್ಕೂವರೆಗೆ ಉಳಿದಿದ್ದು ಬಚ್ಚಲುಮನೆ ಮಾತ್ರ. ಅಲ್ಲಿಯ ಪುಟ್ಟ ಕಿಟಕಿ ಒರೆಸುವಾಗ ಅದು ಕಿರ್ರೆಂದು ತೆರೆದುಕೊಂಡಿತು. ಅದಕ್ಕೆ ಸ್ಕ್ರೂ ಹಾಕಲು ಮರೆತಿದ್ದರು. ಸಣಕಲು ಹುಡುಗಿಯಾದರೆ ನುಸುಳಿಹೋಗಬಹುದು. ಸಿರ್ಗಾ ಹೂ ಬಿಟ್ಟ ಮರವನ್ನು ನೋಡುತ್ತ ಒಂದು ನಿಮಿಷ ನಿಂತಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಹುಡುಗಿಗೆ ಈ ದಾರಿಯಾದರೂ ಉಳಿಯುತ್ತದೆ.

ಕಿಟಕಿಯನ್ನು ಮುಚ್ಚಿ ಹೊರಗೆ ಬಂದಳು.

"ಎಲ್ಲ ಆಯ್ತಾ?" ಅಜ್ಜಿ ಎದುರಿಗೇ ನಿಂತಿದ್ದಳು. "ಏನಾದ್ರೂ ಬಿಟ್ಟಿದ್ರೆ ಈಗಲೇ ಹೇಳಿಬಿಡು. ಆಮೇಲೆ ಗೊತ್ತಾದ್ರೆ ನಿನ್ನನ್ನೇ ನಿಲ್ಲಿಸಿಕೊಂಡು ಮಾಡಿಸ್ಬೇಕಾಗುತ್ತೆ."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು.

"ಬಚ್ಚಲ ಕಿಟಕಿ ತೆರೆಯುತ್ತೆ ಅಜ್ಜಿ," ಅಂದಳು ಸಿರ್ಗಾ.

"ಜಾಣೆ," ಎಂದಳು ಅಜ್ಜಿ. ಎರ್ಮೆಕ್ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋದ.

ಸಿರ್ಗಾ ಗ್ಲೌಸು ಬಿಚ್ಚಿ, ಬಕೆಟ್ಟನ್ನು ಬೋರಲು ಹಾಕಿ, ಫೋನು ಕೇಳುವಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಹುಡುಗಿಯನ್ನು ತಂದೇಬಿಟ್ಟರು ಎಂದುಕೊಂಡಳು. ಆ ಹುಡುಗಿಯ ಮುಖ ನೋಡುವ ಮುಂಚೆ ಹೊರಟುಬಿಡಬೇಕಿತ್ತು.

ಕಾರಿನಿಂದ ಐದು ಜನ ಹೆಂಗಸರು ಇಳಿದರು. ನಗುನಗುತ್ತ ಒಳಗೆ ಬಂದು, ಸಿರ್ಗಾಳನ್ನು ತಲೆಯಿಂದ ಪಾದದವರೆಗೆ ನೋಡಿ, ಗೋಡೆಯುದ್ದಕ್ಕೂ ಸಾಲಾಗಿ ನಿಂತರು. ಸಿರ್ಗಾ ಬಾಗಿಲಾಚೆ ಕತ್ತು ಚಾಚಿದಳು. ಕಾರು ಖಾಲಿಯಿತ್ತು.

"ಹುಡುಗಿ ಎಲ್ಲಿ?" ಅಂದಳು.

ಊಲ್ಕನ್ ಅಜ್ಜಿ ಸೊಂಟ ಹಿಡಿದುಕೊಂಡು ಮೆಲ್ಲಗೆ ಬಗ್ಗಿ, ಕೂತು, ತಲೆಬಾಗಿಲಿಗೆ ಅಡ್ಡಲಾಗಿ ಉದ್ದಕ್ಕೆ ಮಲಗಿಬಿಟ್ಟಳು. ಹಾಗೆ ಮಲಗಿದ ಹಿರಿಯಳನ್ನು ದಾಟಿ ಹೋದ ಹೆಣ್ಣಿನ ಹೊಟ್ಟೆ ಫಲಿಸುವುದಿಲ್ಲವೆಂದು ಆ ದಂಡೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

"ನೆಲ ಚೆನ್ನಾಗಿ ಒರೆಸಿದೀಯ ಸೊಸೆ," ಅಂದಳು ಮುದುಕಿ ಕಣ್ಣು ಮುಚ್ಚಿಕೊಂಡು. "ಒಂದು ಹರಳೂ ಚುಚ್ತಿಲ್ಲ."